ಭಾವ ಮುಟ್ಟದ ಲೋಟ

ಅನಘಾ, ಚಿನ್ಮಯ,

ಮೊನ್ನೆ ನೀವಿಬ್ಬರೂ ಗೋಬಿ ಮಂಚೂರಿ ಮಾಡುತ್ತೇವೆಂದು ವಿನಿಗರ್ ಬಾಟಲಿಯ ಮುಚ್ಚಳ ತೆಗೆದಿರಿ. ಅಕ್ಕಿ ಆರಿಸುತ್ತಿದ್ದ ನಾನು ಮೊರ ಅಲ್ಲೇ ಬಿಟ್ಟು ಹೊರಗೆ ಹೋಗಿ ಕೂತೆ. ಅಜ್ಜಿಗೆ ಪೇಟೆ ತಿಂಡಿಯ ವಾಸನೆಯೇ ಆಗುವುದಿಲ್ಲ ಎಂದು ನೀವು ನಕ್ಕದ್ದು ಕೇಳಿಸಿತು. ನನಗೆ ಆ ವಾಸನೆ ಚೆನ್ನಾಗಿಯೇ ಗೊತ್ತು. ರಿಪ್ಪನ್‌ಪೇಟೆಯ ನಮ್ಮ ಫೋಟೋ ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಅದೇ ಹುಳಿ ವಾಸನೆ ಇರುತ್ತಿತ್ತು. ಅದು ಮೂಗಿಗೆ ಬಂದರೆ ನನಗೆ ಒಬ್ಬ ಮನುಷ್ಯನ ಮೇಲೆ ಸಿಟ್ಟು ಬರುತ್ತದೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಸಿಟ್ಟು ಮಾತ್ರ ಹಾಗೆಯೇ ಇದೆ.

ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಇದ್ದರೆ ಸೆರಗಿನ ತುದಿ ಸುತ್ತುತ್ತಾ ಕೂರುವವಳು ನಾನು. ಅರಳಸುರಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ, ಅಕ್ಷರ ದುಂಡಗಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಇದು ಎಪ್ಪತ್ತರ ದಶಕದ ಕೊನೆಯ ಒಂದು ವರ್ಷದ ಮಾತು. ಆ ಸ್ಟುಡಿಯೋವನ್ನು ನಿಮ್ಮ ಅಜ್ಜ ಮತ್ತು ಅವರ ಅಣ್ಣ ಸೇರಿ ನಡೆಸುತ್ತಿದ್ದರು. ಅಣ್ಣ ಎಂದರೆ ನನಗೆ ಭಾವ, ಊರಿಗೆಲ್ಲ ಗಣಪಣ್ಣ. ಭಾವ ಮಾತಿನವರು, ಗಿರಾಕಿ ಹಿಡಿಯುವುದು ಅವರ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮದುವೆಮನೆಗಳಿಗೆ ಬಸ್ಸಿನಲ್ಲಿ ಕ್ಯಾಮೆರಾ ಚೀಲ ಹೊತ್ತು ಹೋಗುತ್ತಿದ್ದವರು ನಿಮ್ಮ ಅಜ್ಜ. ಕತ್ತಲೆಕೋಣೆಯೂ ಅವರದೇ. ಮದುವೆಯಾದ ಎರಡನೇ ವರ್ಷಕ್ಕೆ ನನಗೂ ಅಲ್ಲಿ ಕೆಲಸ ಕಲಿಸಿದರು.

ಈಗ ನೀವು ಫೋನಿನಲ್ಲಿ ಫೋಟೋ ತೆಗೆದು ಫೋನಿನಲ್ಲೇ ನೋಡಿಬಿಡುತ್ತೀರಿ. ಆಗ ಒಂದು ಫೋಟೋ ಆಗಬೇಕಾದರೆ ಕಾಗದವನ್ನು ಮೂರು ಮದ್ದಿನ ನೀರಿನಲ್ಲಿ ಅದ್ದಬೇಕಿತ್ತು. ಮೊದಲನೆಯದರಲ್ಲಿ ಚಿತ್ರ ಏಳುತ್ತದೆ. ಎರಡನೆಯದು ಈ ವಿನಿಗರ್‌ನಂಥದು, ಚಿತ್ರ ಇನ್ನೂ ಕಪ್ಪಾಗದಂತೆ ನಿಲ್ಲಿಸುತ್ತದೆ. ಮೂರನೆಯದು ಹೈಪೋ, ಅದು ಚಿತ್ರವನ್ನು ಕಾಗದದಲ್ಲಿ ಉಳಿಸುತ್ತದೆ. ಆಮೇಲೆ ಆ ಹೈಪೋ ಪೂರ್ತಿ ಹೋಗುವ ತನಕ ಕಾಗದವನ್ನು ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಅರ್ಧಂಬರ್ಧ ತೊಳೆದರೆ ಉಳಿದ ಹೈಪೋ ಒಳಗೊಳಗೇ ಚಿತ್ರವನ್ನು ತಿನ್ನುತ್ತದೆ.

ನಿಮ್ಮ ಅಜ್ಜನಿಗೆ ಇದರಲ್ಲಿ ತಮ್ಮದೇ ಒಂದು ಕ್ರಮ ಇತ್ತು. ಬಳಸಿದ ಹೈಪೋವನ್ನು ಅವರು ಎಂದೂ ಚೆಲ್ಲಲಿಲ್ಲ. ಉಪ್ಪಿನಕಾಯಿ ಭರಣಿಗಳಲ್ಲಿ ತುಂಬಿ, ಒಳಗೆ ತಾಮ್ರದ ತಗಡು ಇಳಿಬಿಡುತ್ತಿದ್ದರು. ಹತ್ತು ಹದಿನೈದು ದಿನಕ್ಕೆ ತಗಡಿನ ಮೇಲೆ ಕಪ್ಪು ಮಡ್ಡಿ ಕೂರುತ್ತಿತ್ತು. ಅದು ಬೆಳ್ಳಿ. ಫೋಟೋ ಕಾಗದದಲ್ಲಿದ್ದ ಬೆಳ್ಳಿಯೇ ನೀರಿಗೆ ಇಳಿದಿರುತ್ತದೆ. ಆ ಮಡ್ಡಿಯನ್ನು ಸಾಗರದ ಒಬ್ಬ ಆಚಾರಿಗೆ ಕೊಟ್ಟು ನಿಮ್ಮ ಅಮ್ಮನಿಗೆ ಕಾಲ್ಗೆಜ್ಜೆ ಮಾಡಿಸಿದ್ದರು. ಉಳಿದ ನೀರನ್ನು ಹಿತ್ತಲಿನ ಕೆಳಗಿನ ಮೂಲೆಯಲ್ಲಿ, ಬಾವಿಗೆ ದೂರವಾಗಿ ತೋಡಿದ ಗುಂಡಿಗೆ ಹಾಕುತ್ತಿದ್ದರು. ಗುಂಡಿಯ ತಳಕ್ಕೆ ಇದ್ದಿಲು, ಮೇಲೆ ಮರಳು. ತೊಳೆಯಲು ಸಾಲಾಗಿ ಮೂರು ತೊಟ್ಟಿ. ಫೋಟೋ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುತ್ತದೆ. ಕೊಳೆಯಾದ ಮೊದಲ ತೊಟ್ಟಿಯ ನೀರನ್ನು ಮಾತ್ರ ಗುಂಡಿಗೆ ಹಾಕಿ, ಎರಡನೆಯದರ ನೀರನ್ನು ಮೊದಲನೆಯದಕ್ಕೆ, ಮೂರನೆಯದರದ್ದನ್ನು ಎರಡನೆಯದಕ್ಕೆ ಸುರಿದು, ಮೂರಕ್ಕೆ ಹೊಸ ನೀರು ಸೇದುವುದು. ಬೇರೆ ಸ್ಟುಡಿಯೋದವರು ಸೇದುವ ನೀರಿನ ಕಾಲು ಭಾಗದಲ್ಲಿ ನಮ್ಮ ಕೆಲಸ ಮುಗಿಯುತ್ತಿತ್ತು.

ತೊಳೆದದ್ದು ಸಾಕೋ ಇಲ್ಲವೋ ನೋಡುವುದಕ್ಕೂ ಒಂದು ಉಪಾಯ. ಬಾವಿಗೆ ಹಾಕುವ ನೇರಳೆ ಹರಳು ಇದೆಯಲ್ಲ, ಅದರ ಒಂದು ಚೂರನ್ನು ಲೋಟ ನೀರಿಗೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಒದ್ದೆ ಫೋಟೋದ ಮೂಲೆಯಿಂದ ನಾಲ್ಕು ಹನಿ ಅದಕ್ಕೆ ಬೀಳಿಸಬೇಕು. ಬಣ್ಣ ಹೋದರೆ ಹೈಪೋ ಇನ್ನೂ ಇದೆ ಎಂದು ಅರ್ಥ.

"ಬಣ್ಣ ನಿಂತ್ರೆ ಫೋಟೋನೂ ನಿಂತಂಗೆ, ತಿಳೀತಾ?" ಎನ್ನುತ್ತಿದ್ದರು. ಪಾಠ ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅವರಿಗೂ ಸಂಕೋಚ.

ಭಾವನಿಗೆ ಇದೆಲ್ಲ ತಮಾಷೆ. "ಎಂತ ಮಾರಾಯ, ಹೈಪೋ ನೀರನ್ನ ತೊಟ್ಟಿಲಲ್ಲಿ ಹಾಕಿ ತೂಗೋದೊಂದು ಬಾಕಿ ನೋಡು" ಎಂದು ಗಿರಾಕಿಗಳ ಮುಂದೆಯೇ ನಗಾಡುತ್ತಿದ್ದರು. ನಿಮ್ಮ ಅಜ್ಜ ಕತ್ತಲೆಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ನಿಮ್ಮ ಅಜ್ಜ ಜ್ವರದಲ್ಲಿ ಮಲಗಿದವರು ಏಳಲಿಲ್ಲ. ನಿಮ್ಮ ಅಮ್ಮನಿಗೆ ಆಗ ನಾಲ್ಕು ವರ್ಷ. ತವರಿನಲ್ಲಿ ಅಣ್ಣನ ಸಂಸಾರವೇ ದೊಡ್ಡದು. ಸ್ಟುಡಿಯೋದ ಹಿಂದಿನ ಒಂದು ಕೋಣೆಯಲ್ಲಿ ನಾವಿಬ್ಬರೂ ಉಳಿದೆವು. ಕತ್ತಲೆಕೋಣೆಯ ಕೆಲಸ ನನ್ನ ಪಾಲಿಗೆ ಬಂತು. ಹದಿಮೂರನೇ ದಿನ ಕಳೆದ ಮಾರನೆಯ ವಾರವೇ ಭಾವ ಗಾರೆಯವನನ್ನು ಕರೆಸಿ ಕತ್ತಲೆಕೋಣೆಯ ಗೋಡೆಗೆ ತೂತು ಕೊರೆಸಿದರು. ಭರಣಿಗಳನ್ನು ಅಂಗಳಕ್ಕೆ ಎಸೆದರು. ಇನ್ನು ಮೇಲೆ ಎಲ್ಲ ನೀರೂ ಆ ತೂತಿನಿಂದ ಹಿಂದಿನ ಚರಂಡಿಗೆ. ಚರಂಡಿ ಹೋಗುವುದು ಬಾವಿಯ ಕಟ್ಟೆಗೆ ಮೂರೇ ಮಾರು ದೂರದಲ್ಲಿ.

ಆ ಬಾವಿ ನಮಗೂ ಪಕ್ಕದ ಎರಡು ಮನೆಗಳಿಗೂ ಸೇರಿದ್ದು. ಭಾವನ ಸಂಸಾರ ಇದ್ದದ್ದು ಪೇಟೆಯ ಇನ್ನೊಂದು ತುದಿಯಲ್ಲಿ, ಅವರ ಮನೆಗೆ ಬೇರೆ ಬಾವಿ. ನಾನು ನಿಂತ ಜಾಗದಿಂದಲೇ ಹೇಳಿದೆ: "ಭಾವ, ಆ ನೀರು ಬಾವಿಗೆ ಇಳೀತದೆ."

"ಬಾವಿ ಎಲ್ಲಿ, ಚರಂಡಿ ಎಲ್ಲಿ? ಅವ ನಿಂಗೂ ತಲೆ ಕೆಡಿಸಿ ಹೋದ್ನಾ?"

ಅವ ಎಂದರೆ ನಿಮ್ಮ ಅಜ್ಜ. ಹೋಗಿ ತಿಂಗಳೂ ಆಗಿರಲಿಲ್ಲ.

ಬೇಸಿಗೆ ಏರಿ ಬಾವಿಯ ನೀರು ಕೆಳಗಿಳಿಯಿತು. ಹುಳ ಆಗದಿರಲೆಂದು ಬಾವಿಯಲ್ಲಿ ಮೀನು ಬಿಡುವುದು ನಮ್ಮ ಕಡೆಯ ರೂಢಿ. ಒಂದು ಬೆಳಿಗ್ಗೆ ನೀರು ಸೇದಲು ಹೋದರೆ ಏಳೆಂಟು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಪಕ್ಕದ ಮನೆಯ ನಾಗಮ್ಮ ಬಂದು ಬಗ್ಗಿ ನೋಡಿದಳು. "ಇದೆಂಥದೇ ಗಿರಿಜಾ, ಮೀನಿಗೂ ಫೋಟೋ ತೆಗೆಸ್ಕಳೋ ಆಸೆ ಆಯ್ತಾ? ಎಲ್ಲಾ ಸಾಲಾಗಿ ಮಲಗ್ಯಾವಲ್ಲೆ" ಎಂದಳು. ಅವಳು ಹಾಗೆಯೇ, ಅಳಬೇಕಾದಲ್ಲಿ ನಗಿಸುವವಳು. ಆಮೇಲೆ ಮೆಲ್ಲಗೆ, "ಮಗೂಗೆ ಈ ನೀರು ಕೊಡ್ಬ್ಯಾಡ" ಎಂದಳು.

ಕೊಟ್ಟಾಗಿತ್ತು. ನಿಮ್ಮ ಅಮ್ಮ ಒಂದು ವಾರದಿಂದ ತಿಂದದ್ದನ್ನೆಲ್ಲ ಕಕ್ಕುತ್ತಿದ್ದಳು. ಬಸ್ಸಿನಲ್ಲಿ ಹೊಸನಗರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಹೊಟ್ಟೆ ಮುಟ್ಟಿ, ನಾಲಿಗೆ ನೋಡಿ, ಔಷಧಿ ಕೊಟ್ಟು, "ನೀರು ಬದಲಾಯಿಸಿ ನೋಡಮ್ಮ" ಎಂದರು. ಮನೆಗೆ ಬಂದು ನಾನು ಮೊದಲು ಮಾಡಿದ ಕೆಲಸ ಲೋಟದಲ್ಲಿ ನೇರಳೆ ಹರಳು ಕರಗಿಸಿದ್ದು. ಬಾವಿಯ ನೀರು ಒಂದು ಸೌಟು ಹಾಕಿದೆ. ನೋಡನೋಡುತ್ತಾ ಗುಲಾಬಿ ಬಣ್ಣ ಹೋಗಿ ಲೋಟ ಬೆಳ್ಳಗಾಯಿತು. ಪಕ್ಕದ ಬೀದಿಯ ಬಾವಿಯಿಂದ ನೀರು ತಂದು ಹಾಗೆಯೇ ಮಾಡಿದೆ. ಬಣ್ಣ ನಿಂತಿತು.

ನನಗೆ ಬೇಕಾಗಿದ್ದುದು ಒಂದೇ. ಆ ಬಾವಿ ನನಗೆ ಮೊದಲಿನಂತೆ ಬೇಕು, ನನ್ನ ಮಗಳು ಅದರ ನೀರು ಕುಡಿಯಬೇಕು. ಎರಡು ಲೋಟಗಳನ್ನೂ ಭಾವನ ಮುಂದೆ ಇಟ್ಟೆ. ಅವರು ನೋಡಿದರು. ಅರ್ಥವಾಗಲಿಲ್ಲ ಎನ್ನುವಂತಿಲ್ಲ, ಸ್ಟುಡಿಯೋ ಶುರುವಾದಾಗಿನಿಂದ ಫೋಟೋ ಕೆಲಸ ನೋಡಿದವರು.

"ನೀರು ಬೇಕಾದ್ರೆ ಆಚೆ ಬೀದಿಯಿಂದ ಹೊತ್ಕೊಂಡು ಬಾ. ಇನ್ನೊಂದು ಮಾತು. ನೀನು ಒಂದೊಂದು ಫೋಟೋನ ಒಂದೊಂದು ಗಂಟೆ ತೊಳೀತಾ ಕೂತ್ರೆ ಮದುವೆ ಆದೋರಿಗೆ ಮೊಮ್ಮಕ್ಕಳು ಆಗ್ತಾವೆ. ಎರಡು ಸಲ ಅದ್ದು, ಒಣಗಿಸು. ನಾಳೆಯಿಂದ ಅಷ್ಟೇ."

"ಎರಡೇ ಸಲವಾ ಭಾವ?"

"ಎರಡೇ. ಎಣಿಸೋಕೆ ಬತ್ತದಲ್ಲ?"

ಆವತ್ತು ನಾನು ತಲೆ ತಗ್ಗಿಸಿ "ಆಯ್ತು" ಎಂದೆ. ಮಕ್ಕಳೇ, ಆ "ಆಯ್ತು" ಎನ್ನುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಮುಚ್ಚಿಡುವುದಿಲ್ಲ. ಅದುವರೆಗೆ ಅವರು ಬಯ್ದರೂ ನಾನು ಕದ್ದು ಕದ್ದು ಪೂರ್ತಿ ತೊಳೆಯುತ್ತಿದ್ದೆ. ಅವರ ಹೆಸರು ಮೂರು ತಾಲ್ಲೂಕಿನಲ್ಲಿ ನಿಂತದ್ದು ನನ್ನ ಮತ್ತು ನಿಮ್ಮ ಅಜ್ಜನ ತೊಳೆದ ಕೈಗಳಿಂದ. ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು, ಅವರು ಮರೆತಿದ್ದರು. ನಾನು ಸುಳ್ಳು ಹೇಳಬೇಕಾಗಿಲ್ಲ, ಕದಿಯಬೇಕಾಗಿಲ್ಲ, ಬಾಯಿ ತೆರೆಯಬೇಕಾಗಿಯೂ ಇಲ್ಲ. ಹೇಳಿದಷ್ಟು ಮಾಡಿದರೆ ಸಾಕು.

ಆ ಬೇಸಿಗೆ ಮದುವೆಗಳೋ ಮದುವೆಗಳು. ಭಾವನೇ ಕ್ಯಾಮೆರಾ ಹಿಡಿದು ಓಡಾಡಿದರು. ರೋಲು ರೋಲು ತಂದು ನನ್ನ ಮುಂದೆ ಸುರಿದರು. ನಾನು ನೆಗೆಟಿವ್‌ಗಳನ್ನು ಮಾತ್ರ ನಿಮ್ಮ ಅಜ್ಜನ ಕ್ರಮದಲ್ಲೇ ಆಚೆ ಬೀದಿಯ ನೀರಿನಲ್ಲಿ ತೊಳೆದೆ. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಫೋಟೋ ಕಾಗದಗಳನ್ನು ಎರಡು ಸಲ ಅದ್ದಿದೆ. ಒಂದು. ಎರಡು. ಒಣಗಿಸಿದೆ. ಹೊಳೆಹೊಳೆಯುವ ಫೋಟೋಗಳನ್ನು ಭಾವ ಆಲ್ಬಮ್ಮಿಗೆ ಅಂಟಿಸಿ, ಹಿಂದೆ ತಮ್ಮ ಹೆಸರಿನ ರಬ್ಬರ್ ಸ್ಟಾಂಪು ಒತ್ತಿ ಕಳಿಸಿದರು. "ಕಂಡ್ಯಾ, ಎರಡು ಸಲಕ್ಕೆ ಎಂತ ಆಯ್ತು?" ಎಂದು ನನ್ನನ್ನು ಕೇಳಿದರು. "ಎಂತ ಆಗ್ಲಿಲ್ಲ ಭಾವ" ಎಂದೆ.

ನಿಮ್ಮ ಅಮ್ಮ ದಿನವೂ ಬಾವಿಕಟ್ಟೆಯ ಹತ್ತಿರ ನಿಂತು, "ಅಮ್ಮ, ಈ ನೀರಿಗೆ ಹುಷಾರಾಯ್ತಾ?" ಎಂದು ಕೇಳುತ್ತಿದ್ದಳು. ತಾನು ಹುಷಾರಾದ ಹಾಗೆ ಬಾವಿಯೂ ಹುಷಾರಾಗುತ್ತದೆ ಎಂದು ಅವಳ ಲೆಕ್ಕ. ಅದು ಕೇಳಿದ ದಿನವೆಲ್ಲ ನಾನು ಇನ್ನಷ್ಟು ಕಟ್ಟುನಿಟ್ಟಾಗಿ ಎಣಿಸುತ್ತಿದ್ದೆ.

ನಮ್ಮ ಮಳೆಗಾಲದ ಥಂಡಿಗೆ ಒಣ ಬಟ್ಟೆಯೇ ಬೂಷ್ಟು ಹಿಡಿಯುತ್ತದೆ. ಹೈಪೋ ಉಳಿದ ಕಾಗದಕ್ಕೆ ಕೇಳಬೇಕೇ. ಶ್ರಾವಣ ಕಳೆದು ಚೌತಿ ಬರುವಷ್ಟರಲ್ಲಿ ಸುದ್ದಿ ಬರತೊಡಗಿತು. ಮೊದಲು ಅಂಚು ಹಳದಿ. ಆಮೇಲೆ ಚಹಾ ಚೆಲ್ಲಿದಂಥ ಕಲೆ. ಆಮೇಲೆ ಮುಖಗಳು ಮಾಸಿ ಹೋಗುವುದು. ಭಾವ ಮೊದಮೊದಲು ಕಾಗದದ ಕಂಪನಿಯನ್ನು ಬಯ್ದರು, ಆಮೇಲೆ ಮಳೆಯನ್ನು, ಆಮೇಲೆ ಆಲ್ಬಮ್ ಇಟ್ಟುಕೊಳ್ಳಲು ಬಾರದ ಗಿರಾಕಿಗಳನ್ನು.

ದೀಪಾವಳಿಯ ಮಾರನೆಯ ದಿನ ಐದಾರು ಜನ ಒಟ್ಟಿಗೆ ಬಂದರು. ಹೊಸನಗರದ ಒಬ್ಬ ಮೇಷ್ಟ್ರು, ಸಾಗರದ ಬಟ್ಟೆ ಅಂಗಡಿಯವರು, ತೀರ್ಥಹಳ್ಳಿ ಕಡೆಯ ಹೆಗ್ಗಡೆಯವರೊಬ್ಬರು ನನಗೆ ನೆನಪಿದ್ದಾರೆ. ಎಲ್ಲರ ಕಂಕುಳಲ್ಲೂ ಆಲ್ಬಮ್. ಜಗಲಿಯ ಬೆಂಚಿನ ಮೇಲೆ ಬಿಡಿಸಿ ಇಟ್ಟರು. ಹೆಗ್ಗಡೆಯವರ ಮಗನ ಧಾರೆಯ ಫೋಟೋದಲ್ಲಿ ಮದುಮಗನ ಪೇಟ ಕಾಣುತ್ತಿತ್ತು, ಮದುಮಗ ಇರಲಿಲ್ಲ.

"ಗಣಪಣ್ಣ, ನನ್ನ ಮಗ ಯಾರನ್ನ ಮದುವೆ ಆದ ಅಂತ ಇನ್ನು ನೆನಪಲ್ಲೇ ಇಟ್ಕೋಬೇಕಾ?" ಎಂದರು ಹೆಗ್ಗಡೆಯವರು.

ಭಾವ ಒಳಗೆ ತಿರುಗಿ ಕೂಗಿದರು. "ಗಿರಿಜಾ, ಬಾ ಹೊರಗೆ. ತೊಳೆಯೋಳು ಇವಳು. ನನ್ನ ತಮ್ಮ ಇದ್ದಾಗ ಹಿಂಗೆ ಆಗಿದ್ದುಂಟಾ? ಕೇಳಿ ಇವಳನ್ನೇ."

ನಾನು ಅದುವರೆಗೆ ಮುಂದಿನ ಜಗಲಿಗೆ ಕಾಲಿಟ್ಟವಳಲ್ಲ. ಬಂದ ನೆಂಟರಿಗೆ ಮೊದಲು ನೀರು ಬೆಲ್ಲ ಕೊಡುವುದು ಮಾತ್ರ ಕೈಗೆ ರೂಢಿಯಾಗಿತ್ತು. ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲದ ಚೂರು, ಲೋಟಗಳಲ್ಲಿ ನೀರು ತಂದು ಎಲ್ಲರ ಮುಂದೆ ಇಟ್ಟೆ. ಕೊನೆಯದಾಗಿ ಭಾವನ ಮುಂದೆ ಒಂದು ಲೋಟ.

"ನಿಮ್ಮದೆಲ್ಲ ಆಚೆ ಬೀದಿ ಬಾವೀದು, ಕುಡೀರಿ" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ಭಾವಂದು ನಮ್ಮ ಬಾವೀದು."

ಎಲ್ಲರೂ ಬೆಲ್ಲ ಬಾಯಿಗಿಟ್ಟು ನೀರು ಕುಡಿದರು. ಭಾವ ಲೋಟ ಮುಟ್ಟಲಿಲ್ಲ. ಮೇಷ್ಟ್ರು ಅದನ್ನು ಗಮನಿಸಿದರು.

"ಕುಡೀರಿ ಗಣಪಣ್ಣ. ಮನೆ ಹೆಣ್ಣುಮಗಳು ಕೊಟ್ಟ ನೀರು."

"ನಂಗೆ ಬಾಯಾರಿಲ್ಲ."

ಬಾಗಿಲ ಮರೆಯಲ್ಲಿ ನಿಂತಿದ್ದ ನಾಗಮ್ಮ ಹೇಳಿದಳು: "ಅವರಿಗೆ ಬೇಸಿಗೆಯಿಂದ ಬಾಯಾರ್ಲಿಲ್ಲ ಮಾರಾಯ್ರೆ. ಬಾವೀಲಿ ಮೀನು ಸತ್ತ ದಿನದಿಂದ."

ಹೆಗ್ಗಡೆಯವರು ಎದ್ದು ಹೋಗಿ ಗೋಡೆಯ ತೂತು, ಚರಂಡಿ, ಬಾವಿ ಮೂರನ್ನೂ ನೋಡಿಕೊಂಡು ಬಂದರು. ಬಂದು ಭಾವನ ಎದುರಿಗೆ ಕೂತರು. ಲೋಟ ಭಾವನ ಮುಂದೆಯೇ ಇತ್ತು. ಅದನ್ನು ಎತ್ತಲು ಅವರಿಂದ ಆಗಲಿಲ್ಲ, ದೂರ ಸರಿಸಲೂ ಆಗಲಿಲ್ಲ. ಅವರ ಕತ್ತಿನ ಮೇಲೆ ಬೆವರು ಇಳಿಯುತ್ತಿದ್ದುದನ್ನು ನಾನು ಕಣ್ಣು ಮುಚ್ಚದೆ ನೋಡಿದೆ. ನನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ಯಾವುದನ್ನೂ ನೋಡಿದ್ದಿಲ್ಲ ಎಂದರೆ ನೀವು ಅಜ್ಜಿಯನ್ನು ಕೆಟ್ಟವಳು ಅಂದುಕೊಳ್ಳಬಹುದು. ಅಂದುಕೊಳ್ಳಿ.

"ತೊಳೆಯೋದಕ್ಕೆ ಎಂತ ಆಯ್ತಮ್ಮ?" ಎಂದು ಮೇಷ್ಟ್ರು ನನ್ನನ್ನು ಕೇಳಿದರು.

"ಎರಡೇ ಸಲ ಅದ್ದು ಅಂದಿದ್ರು ಭಾವ. ಎರಡೇ ಸಲ ಅದ್ದಿದೆ."

ಅವರೆಲ್ಲ ಹೊಸ ಫೋಟೋ ಬೇಕೆಂದು ಹಟ ಹಿಡಿದರು. ನೆಗೆಟಿವ್‌ಗಳು ಚೆನ್ನಾಗಿದ್ದವು. ಅವುಗಳಿಂದ ಮತ್ತೆ ಫೋಟೋ ಮಾಡಬಲ್ಲವಳು ನಾನೊಬ್ಬಳೇ. ಆ ಸಂಜೆ ಭಾವ ಹಿತ್ತಲ ಬಾಗಿಲಿಗೆ ಬಂದು ನಿಂತರು. ನಾನು ಎದ್ದು ನಿಲ್ಲಲಿಲ್ಲ. ಅದೂ ಅವತ್ತೇ ಮೊದಲು. ಗೋಡೆಯ ತೂತು ಮುಚ್ಚಬೇಕು ಎಂದೆ. ಬಾವಿಯ ನೀರೆಲ್ಲ ಖಾಲಿ ಮಾಡಿಸಿ ಕೆಸರು ತೆಗೆಸಬೇಕು. ಮೂರು ತೊಟ್ಟಿ, ಭರಣಿ, ಗುಂಡಿ ಎಲ್ಲ ಮೊದಲಿನಂತೆ ಬರಬೇಕು. ಎಲ್ಲಕ್ಕೂ ಹೂಂ ಎಂದರು.

"ಇನ್ನೊಂದು ಉಂಟು. ಬಾವಿ ಸರಿಯಾದ ಮೇಲೆ ದಿನಾ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆದಾಗ ಆ ಬಾವೀದು ಮೊದಲ ಲೋಟ ನೀವು ಕುಡೀಬೇಕು. ನೀವು ಕುಡಿದ ಮೇಲೆ ನನ್ನ ಮಗಳು."

"ಗಿರಿಜಾ, ಇಷ್ಟು ಹಗೆ ಒಳ್ಳೇದಲ್ಲ."

"ಹಗೆ ಇದ್ರೇನೇ ಭಾವ ನೀರು ಸರಿ ಇರೋದು."

ಇಲ್ಲಿಗೆ ಮುಗಿದಿದ್ದರೆ ನನಗೂ ಸಮಾಧಾನವಿತ್ತು. ಆದರೆ ವಾರ ಕಳೆಯುವಷ್ಟರಲ್ಲಿ ಅರಳಸುರಳಿಯಿಂದ ದೇವಮ್ಮ ಬಂದಳು. ನನ್ನ ತವರಿನ ಪಕ್ಕದ ಮನೆಯವಳು, ನನ್ನನ್ನು ಎತ್ತಿ ಆಡಿಸಿದವಳು. ಆ ಬೇಸಿಗೆಯಲ್ಲಿ ಅವಳ ಒಬ್ಬಳೇ ಮಗಳ ಮದುವೆ ಫೋಟೋ ನಮ್ಮಲ್ಲೇ ಆಗಿತ್ತು. ಮದುವೆಯಾದ ನಾಲ್ಕನೇ ತಿಂಗಳಿಗೆ ಹುಲ್ಲು ಕೊಯ್ಯಲು ಹೋದಲ್ಲಿ ಹಾವು ಕಚ್ಚಿ ಆ ಹುಡುಗಿ ತೀರಿಕೊಂಡಿದ್ದಳು. ದೇವಮ್ಮ ಸೀರೆಯ ಮಡಿಲಿನಿಂದ ಫೋಟೋ ತೆಗೆದು ಕೊಟ್ಟಳು. ಹಳದಿ ಕಾಗದ. ಬಾಸಿಂಗ, ಬಳೆ, ಕೈ ಇದ್ದವು. ಮುಖದ ಜಾಗದಲ್ಲಿ ಕಲೆ.

"ಇದೊಂದೇ ಇರೋದು ಗಿರಿಜಿ. ಮುಖ ಬರಂಗೆ ಮಾಡಿಕೊಡು."

ನೆಗೆಟಿವ್ ಹುಡುಕಿದೆ. ಮಳೆಗಾಲದಲ್ಲಿ ಅದೊಂದು ಕಟ್ಟು ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿದಿತ್ತು. ನೀರಿನಲ್ಲಿ ನೆನೆಸಿ ಬಿಡಿಸಲು ನೋಡಿದೆ, ಚಿತ್ರವೇ ಸುಲಿದು ಬಂತು. ಅವಳ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಎರಡು ಸಲ ಅದ್ದಿದ್ದು, ಯಾಕೆ ಅದ್ದಿದ್ದು, ಹೀಗಾಗುತ್ತದೆಂದು ಗೊತ್ತಿದ್ದೇ ಅದ್ದಿದ್ದು.

ದೇವಮ್ಮ ಅಳಲಿಲ್ಲ. "ನಿನ್ನ ಭಾವನ ಮೇಲಿನ ಸಿಟ್ಟಿಗೆ ನನ್ನ ಮಗಳ ಮುಖವೇ ಬೇಕಾಯ್ತೇನೇ?" ಎಂದಳು. ಫೋಟೋವನ್ನು ಮತ್ತೆ ಮಡಿಲಿಗೆ ಇಟ್ಟುಕೊಂಡು ಬಸ್ಸಿಗೆ ಹೋದಳು. ಆಮೇಲೆ ತವರಿಗೆ ಹೋದಾಗಲೆಲ್ಲ ನಾನು ಅವಳ ಮನೆಯ ಮುಂದಿನ ದಾರಿ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದೆ. ಆ ಪಾಪದ ಅರ್ಧವನ್ನು ಭಾವನ ತಲೆಗೆ ಕಟ್ಟಲು ಎಷ್ಟೋ ಸಲ ನೋಡಿದ್ದೇನೆ. ಅವಳ ಮಾತು ನೆನಪಾದಾಗ ಪೂರ್ತಿ ನನ್ನ ಕಡೆಗೇ ಬರುತ್ತದೆ.

ಬಾವಿ ಸರಿಯಾಗಲು ಎರಡು ಮಳೆಗಾಲ ಹಿಡಿಯಿತು. ಲೋಟದಲ್ಲಿ ಗುಲಾಬಿ ಬಣ್ಣ ನಿಂತ ದಿನ ನಾಗಮ್ಮ ಎಲ್ಲಿಂದಲೋ ನಾಲ್ಕು ಮೀನು ತಂದು ಬಿಟ್ಟಳು. ಮಾರನೆಯ ದಿನದಿಂದ ಭಾವ ಮೊದಲ ಲೋಟ ಕುಡಿಯತೊಡಗಿದರು. ನಾನು ಸೇದಿ ಕೊಡುತ್ತಿದ್ದೆ, ಕುಡಿದು ಮುಗಿಯುವ ತನಕ ಎದುರಿಗೆ ನಿಂತಿರುತ್ತಿದ್ದೆ. ಎಂಬತ್ತರ ದಶಕ ಪೂರ್ತಿ ಹೀಗೆಯೇ ನಡೆಯಿತು. ಒಂದು ದಿನವೂ ಬಿಡಲಿಲ್ಲ. ನಿಮ್ಮ ಅಮ್ಮ ಅದೇ ನೀರು ಕುಡಿದು ದೊಡ್ಡವಳಾದಳು.

ಆದರೆ ಊರಿನ ಬಾಯಿಯಲ್ಲಿ ಬೇರೆಯೇ ಕಥೆ ಬೆಳೆಯಿತು. ಗಣಪಣ್ಣನ ಸ್ಟುಡಿಯೋದಲ್ಲಿ ಒಂದು ಹನಿ ಮದ್ದೂ ಹೊರಗೆ ಹೋಗುವುದಿಲ್ಲವಂತೆ, ತಮ್ಮ ಬಾವಿಯ ನೀರನ್ನು ದಿನಾ ಅವರೇ ಕುಡಿದು ತೋರಿಸುತ್ತಾರಂತೆ, ಎಂಥ ಮನುಷ್ಯ ಎಂದು. ಬೇರೆ ಊರಿನ ಸ್ಟುಡಿಯೋದವರು ಮೂರು ತೊಟ್ಟಿ ನೋಡಲು ಬಂದರು. ಭಾವ ಅವರಿಗೆ, "ನಾನೇ ಯೋಚನೆ ಮಾಡಿ ಕಂಡುಹಿಡಿದಿದ್ದು" ಎಂದರು. ನಾನು ಒಳಗೆ ಫೋಟೋ ತೊಳೆಯುತ್ತಾ ಕೇಳಿಸಿಕೊಂಡೆ. ಒಂದು ಸಲ ಜಗಲಿಗೆ ಬಂದವಳಿಗೆ ಇನ್ನೊಂದು ಸಲ ಯಾಕೆ ಆಗಲಿಲ್ಲವೋ ತಿಳಿಯದು. ಅವರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಯಲ್ಲಿಯೂ ಅದನ್ನೇ ಹೊಗಳಿದರು. ನಾನು ಹೋಗಲಿಲ್ಲ. ಕ್ಷಮಿಸಿಬಿಡು ಎಂದು ನಿಮ್ಮ ಅಮ್ಮ ಹೇಳಿದಳು. ಕ್ಷಮಿಸಿಲ್ಲ.

ನಮ್ಮ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನೂ ಹೇಳಿಲ್ಲ. ಸ್ಟಾಂಪಿನಲ್ಲಿ, ಬೋರ್ಡಿನಲ್ಲಿ, ಜನರ ಮಾತಿನಲ್ಲಿ ಇರುವುದು ಬೇರೆಯವರ ಹೆಸರು. ಆ ತೊಟ್ಟಿ, ಆ ಭರಣಿ, ಆ ಗುಂಡಿ ಮಾಡಿದವರು ವೆಂಕಟರಮಣ. ಈ ಹೆಸರಿನ ಅಕ್ಷರ ಸೊಟ್ಟಗಾಗಿದೆ, ಆದರೂ ಓದಲು ಬರುತ್ತದೆ. ಬೇರೆ ಎಲ್ಲಿಯೂ ಇದನ್ನು ಬರೆದಿಲ್ಲ. ಈ ಹಾಳೆಗಳನ್ನು ಥಂಡಿ ತಾಗದ ಕಡೆ ಇಡಿ.